ಶರಣಪ್ಪ ಕೂಗಿದ್ದ

ಈ ಮಳೆಗಾಲದ ಮೊದಲಲ್ಲಿ ಕಣ್ಣಿನ ಪೊರೆ ತೋರಿಸಿಕೊಳ್ಳಲು ಹೈದರಾಬಾದಿನ ಆ ತುದಿಗೆ, ಗಚ್ಚಿಬೌಲಿಯ ಕಡೆ ಹೋಗಬೇಕಾಯಿತು. ನನ್ನ ಅಳಿಯ ಕ್ಯಾಬ್ ಓಡಿಸುತ್ತಾನೆ. ಒಂದು ಹೊತ್ತಿನ ಬಾಡಿಗೆ ಬಿಟ್ಟು ಅವನೇ ಕರೆದುಕೊಂಡು ಹೋದ. ವಾಪಸು ಬರುವಾಗ ಜಿಟಿಜಿಟಿ ಮಳೆ, ಮುಂದೆ ನಿಂತುಬಿಟ್ಟ ಕಾರುಗಳ ಸಾಲು. ಪಕ್ಕದಲ್ಲಿ ತಗಡಿನ ಬೇಲಿ ಹಾಕಿದ ಒಂದು ಸೈಟು, ಗೇಟು ತೆರೆದಿತ್ತು. ಒಳಗೆ ಆಟೋರಿಕ್ಷಾಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಲೋಡರು ಕಟ್ಟಿಗೆಯ ತೊಲೆಗಳನ್ನು ಎತ್ತಿ ಹಿಡಿದುಕೊಂಡು ನಿಂತಲ್ಲೇ ಗಿರ್ರನೆ ತಿರುಗಿತು. ಗಾಲಿಗಳು ಕೆಸರು ಬಗೆದು ಎರಚಿದವು. ತೆರೆದ ಕಿಟಕಿಯಿಂದ ಹಸಿ ಕಟ್ಟಿಗೆಯ ವಾಸನೆ, ಡೀಸೆಲ್ಲಿನ ಹೊಗೆ ಒಟ್ಟಿಗೇ ಬಂದವು.

"ಮಾವಾರ, ಯಾಕ ಬೆವರಾಕತ್ತೀರಿ? ಎಸಿ ಹಚ್ಚಲೇನ್ರಿ?"

"ಬ್ಯಾಡಪ್ಪಾ. ಕಣ್ಣಾಗ ಔಷಧ ಬಿಟ್ಟಾರಲ್ಲ, ಅದಕ್ಕ."

"ಔಷಧ ಕಣ್ಣಾಗ ಬಿಟ್ರ ಬೆವರು ಕುತಗ್ಯಾಗ ಬರ್ತೈತೇನ್ರಿ?" ಎಂದು ಅವನು ನಕ್ಕ.

ಒಳ್ಳೆಯ ಹುಡುಗ. ಅವನಿಗೆ ಏನೂ ಗೊತ್ತಿಲ್ಲ. ನನ್ನ ಮಗಳಿಗೂ ಗೊತ್ತಿಲ್ಲ. ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ, ಅವಳು ಅದನ್ನು ತನ್ನ ಜೊತೆಗೇ ಒಯ್ದಳು. ಕಾರು ಮುಂದೆ ಸಾಗಿದ ಮೇಲೂ ನನ್ನ ಬಲಗೈ ತೊಡೆಯ ಮೇಲೆ ಸುಮ್ಮನೆ ಕೂರಲಿಲ್ಲ. ಆ ಕೈಯ ಬಗ್ಗೆಯೇ ಬರೆಯಬೇಕಾಗಿದೆ.

ನಾನು ಬೀದರ ಜಿಲ್ಲೆಯವನು. ಹೈಸ್ಕೂಲು ಮುಗಿಸಿ, ಮುಂದೆ ಓದಲಾಗದೆ, ಸೋದರಮಾವನ ಬೆನ್ನು ಹತ್ತಿ ಹೈದರಾಬಾದಿಗೆ ಬಂದೆ. ಕುಷಾಯಿಗೂಡದ ಆಚೆ ಒಬ್ಬ ಸೇಠರ ಕಟ್ಟಿಗೆ ಡಿಪೋ ಇತ್ತು. ಮುಂದೆ ದಿಮ್ಮಿಗಳ ರಾಶಿ, ಹಿಂದೆ ತಗಡಿನ ಶೆಡ್ಡಿನಲ್ಲಿ ಕೊಯ್ಯುವ ಗರಗಸ. ಅಲ್ಲಿ ಹಮಾಲಿ ಮಾಡುವವರೆಲ್ಲ ನಮ್ಮ ಕಡೆಯವರೇ, ಬೀದರ, ಕಲಬುರಗಿಯ ಹಳ್ಳಿಗಳವರು. ನಾನೂ ಮೊದಲ ಕೆಲವು ವರ್ಷ ಅವರ ಜೊತೆ ಹೆಗಲು ಕೊಟ್ಟೆ. ಆಮೇಲೆ ಓದು ಬರಹ ಬರುತ್ತದೆಂದು ಸೇಠರು ನನ್ನನ್ನು ಮುಕಾದಮ, ಅಂದರೆ ಗ್ಯಾಂಗಿನ ಮೇಲ್ವಿಚಾರಕ, ಮಾಡಿದರು. ಅಂದಿನಿಂದ ಗ್ಯಾಂಗಿನವರ ಬಾಯಲ್ಲಿ ನನ್ನ ಹೆಸರು ಮೆಟ್ರಿಕ್ ಆಯಿತು. ಅದರಲ್ಲಿ ಅರ್ಧ ಗೌರವ, ಅರ್ಧ ಕುಚೋದ್ಯ.

ದಿಮ್ಮಿ ಎತ್ತುವುದೆಂದರೆ ಬರೀ ತೋಳಿನ ಶಕ್ತಿ ಎಂದು ಹೊರಗಿನವರು ತಿಳಿಯುತ್ತಾರೆ. ಅದು ಕೂಗಿನ ಕೆಲಸ. ಗ್ಯಾಂಗಿನಲ್ಲಿ ಒಬ್ಬ ಕೂಗುವವ ಇರುತ್ತಾನೆ. ಅವನು ಒಂದು ಸಾಲು ಕಟ್ಟಿ ಎಸೆದರೆ ಉಳಿದವರು "ಹೈಸಾ" ಎಂದು ಒಟ್ಟಿಗೆ ಉಸಿರು ಬಿಗಿಹಿಡಿದು ಏಳುತ್ತಾರೆ. ನಮ್ಮಲ್ಲಿ ಕೂಗುವವನು ಶರಣಪ್ಪ. ನನ್ನ ಪಕ್ಕದ ಊರಿನವನು, ನನಗಿಂತ ಚಿಕ್ಕವನು, ನನ್ನನ್ನು ಅಣ್ಣಾ ಎನ್ನುತ್ತಿದ್ದ. ಅವನನ್ನು ಈ ಊರಿಗೆ ಕರೆತಂದವನೂ ನಾನೇ. ಅವನ ಕೂಗಿಗೆ ಅಳುಕು ಇರಲಿಲ್ಲ.

"ಸೇಠನ ಹೊಟ್ಟಿ!"

"ಹೈಸಾ!"

"ನಮ್ಮ ಹೆಗಲಾ!"

"ಹೈಸಾ!"

"ಮೆಟ್ರಿಕ್ ಪಾಸಾ!"

"ಹೈಸಾ!"

"ಕೆಲಸಕ್ಕ ಫೇಲಾ!"

ಸೇಠರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ತಾಳ ಹಾಕುತ್ತಿದ್ದರು.

ನಗುವಿನ ಕೂಗಲ್ಲದೆ ಇನ್ನೊಂದು ಕೂಗಿತ್ತು. ಅದರಲ್ಲಿ ಯಾರೂ ನಗುತ್ತಿರಲಿಲ್ಲ. ಎತ್ತಿ ಹಿಡಿದ ದಿಮ್ಮಿಯ ಅಡಿಗೆ ಯಾರಾದರೂ ಕೈಯೋ ಕಾಲೋ ಹಾಕಬೇಕಾದಾಗ, ಬೆಣೆ ಇಡುವುದಕ್ಕೋ ಹಗ್ಗ ತೂರಿಸುವುದಕ್ಕೋ, ಮೊದಲು "ಒಳಗ!" ಎಂದು ಕೂಗಬೇಕು. ದಿಮ್ಮಿಯ ಬಾಲದ ಕಡೆ ನಿಂತವನು ಎಲ್ಲವನ್ನೂ ಒಮ್ಮೆ ನೋಡಿ, ಸರಿ ಇದ್ದರೆ, ಕೈ ಎತ್ತಬೇಕು. ಕೂಗು, ಆಮೇಲೆ ಕೈ, ಆಮೇಲೆ ಒಳಗೆ. ಕೂಗಿ ಹೋದವನಿಗೆ ಪೆಟ್ಟಾದರೆ ಅವನು ಎದ್ದು ನಿಲ್ಲುವವರೆಗೂ ಗ್ಯಾಂಗಿನ ಮನೆಗಳಿಂದ ಸರದಿಯ ಮೇಲೆ ರೊಟ್ಟಿ ಹೋಗುತ್ತಿತ್ತು. ಕೂಗದೆ ಹೋದವನಿಗೆ ಪೆಟ್ಟಾದರೆ ರೊಟ್ಟಿಯೂ ಇಲ್ಲ, ಮತ್ತೆ ಗ್ಯಾಂಗಿನಲ್ಲಿ ಜಾಗವೂ ಇಲ್ಲ. ಇದು ಕ್ರೂರ ಎಂದು ಈಗ ಅನ್ನಿಸಬಹುದು. ಭಾರ ಹೊತ್ತು ನಿಂತವರು, ಅಡಿಗೆ ಒಬ್ಬ ಬಂದಿದ್ದಾನೆಂದು ತಿಳಿಯದೆ ಬಿಟ್ಟರೆ ಜೀವವೇ ಹೋಗುತ್ತದೆ, ಆ ಪಾಪ ಹೊತ್ತವರ ತಲೆಗೆ ಬರುತ್ತದೆ. ಹಾಗಾಗಿ ಆ ಕಟ್ಟುನಿಟ್ಟು. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ಯಾರೂ ಮುರಿದಿರಲೂ ಇಲ್ಲ.

ಆಗ ಊರಿಗೆ ಕಂಪ್ಯೂಟರಿನ ಕಾಲ ಬಂದಿತ್ತು. ಗಚ್ಚಿಬೌಲಿಯ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಸೇಠರ ಕೈಗೆ ಮೊಬೈಲು ಬಂದು, ದಿನವಿಡೀ ಅದು ಕಿರುಚುತ್ತಿತ್ತು. ಬಾಗಿಲ ಚೌಕಟ್ಟು ಬೇಕು, ಸೆಂಟ್ರಿಂಗಿಗೆ ತೊಲೆ ಬೇಕು, ನಾಳೆಯೇ ಬೇಕು. ಊರಿನ ಮರ ಸಾಲದೆ ಬಂದರಿನಿಂದ ಹೊರದೇಶದ ದಿಮ್ಮಿಗಳು ಲಾರಿಯಲ್ಲಿ ಬರತೊಡಗಿದವು. ಒಂದೊಂದೂ ಮಲಗಿದ ಎಮ್ಮೆಯಷ್ಟು ದಪ್ಪ. ಅವುಗಳ ಮುಂದೆ ನಮ್ಮ ಹೆಗಲುಗಳು ಸೋತವು. ನಮ್ಮ ಗ್ಯಾಂಗಿನ ಹಿರಿಯ ಕಾಶಪ್ಪ ಒಂದು ದಿಮ್ಮಿಯ ಮೇಲೆ ಕೈಯಿಟ್ಟು, "ಇದನ್ನ ಎತ್ತಾಕ ಇದರಷ್ಟ ದೊಡ್ಡ ಹೆಣಾನ ಬೀಳ್ತೈತಿ" ಎಂದು ಉಗುಳಿ ಹೋದ.

ಮಳೆ ಶುರುವಾಗುವ ಹೊತ್ತಿಗೆ ಸೇಠರು ಒಂದು ಹಳೆಯ ಲೋಡರು ಕೊಂಡು ತಂದರು. ರಸ್ತೆ ಗುತ್ತಿಗೆದಾರನೊಬ್ಬ ಸವೆಸಿ ಬಿಟ್ಟದ್ದು. ಸಣ್ಣ ಯಂತ್ರ, ಮುಂದೆ ಮಣ್ಣು ತುಂಬುವ ಬುಟ್ಟಿ, ಎರಡು ಕೋಲು ಹಿಡಿದು ಓಡಿಸಬೇಕು. ಅದು ತಿರುಗುವಾಗ ಗಾಲಿಗಳು ಜಾರಿ ಕುಪ್ಪಳಿಸುತ್ತಿತ್ತು, ಮುಂದೆ ಹೋಗುವಾಗ ತಲೆ ತಗ್ಗಿಸಿ ಗುದ್ದಲು ಬರುವಂತೆ ಕಾಣುತ್ತಿತ್ತು. ಗ್ಯಾಂಗಿನವರು ಅದಕ್ಕೆ ಹೋತ ಎಂದು ಹೆಸರಿಟ್ಟರು. ಅದನ್ನು ಓಡಿಸಲು ಯಾದಗಿರಿ ಎಂಬ ತೆಲುಗು ಹುಡುಗ ಬಂದ. ಮದುವೆಯಾಗಿ ವರ್ಷವಾಗಿತ್ತು, ಹೆಂಡತಿಯ ಫೋಟೋವನ್ನು ಯಂತ್ರದ ಒಳಗೆ ದೇವರ ಪಕ್ಕ ಅಂಟಿಸಿದ್ದ.

ಬುಟ್ಟಿಯಲ್ಲಿ ದಿಮ್ಮಿ ನಿಲ್ಲುವುದಿಲ್ಲ. ಅದಕ್ಕೆಂದು ಯೂಸುಫ್ ಭಾಯಿ ಬಂದರು. ಡಿಪೋದ ಗೋಡೆಗೆ ಆನಿಸಿಕೊಂಡು ಅವರ ವೆಲ್ಡಿಂಗ್ ಶೆಡ್ಡು. ನಮ್ಮಲ್ಲಿ ಅವರು ಕೈಯಿಂದ ಮಾಡಿದ್ದು ಮೊದಲೂ ಬೇಕಾದಷ್ಟಿತ್ತು. ಹಳೆಯ ಲಾರಿಯ ಗೇರುಪೆಟ್ಟಿಗೆಯಿಂದ ದಿಮ್ಮಿ ಎಳೆಯುವ ವಿಂಚು, ಮೋಟಾರಿನ ಗಾಲಿ ಹಾಕಿದ ಟ್ರಾಲಿ, ಮೂರು ಕಂಬದ ಮೇಲೆ ಸರಪಳಿ ತೂಗುವ ಘೋಡಾ. ಈ ಸಲ ಬುಟ್ಟಿ ಕಳಚಿ, ಲಾರಿಯ ಅಡಿಯ ಕಬ್ಬಿಣದಿಂದ ಎರಡು ದಪ್ಪ ಹಲ್ಲು ಮಾಡಿದರು. ಮೇಲಿನಿಂದ ಬಾಗಿ ದಿಮ್ಮಿಯನ್ನು ಅಪ್ಪಿ ಹಿಡಿಯಲು ಕಮಾನು ಪಟ್ಟಿಗಳಿಂದ ಒಂದು ಪಂಜಾ ಮಾಡಿದರು. ಪಂಜಾ ತನ್ನ ಭಾರದಿಂದಲೇ ಕೆಳಗೆ ಬೀಳುತ್ತಿತ್ತು. ಬಿದ್ದ ಮೇಲೆ ಮತ್ತೆ ಏಳದಂತೆ ಅದರ ಬುಡದ ತೂತಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ಪಿನ್ನು ಹಾಕಬೇಕು. ದಿಮ್ಮಿ ಇಳಿಸಿದ ಮೇಲೆ ತೆಗೆಯಬೇಕು.

ಯೂಸುಫ್ ಭಾಯಿ ಪಿನ್ನನ್ನು ನನ್ನ ಕೈಗೆ ಕೊಟ್ಟು, "ಮಿಯಾಂ, ಪಂಜಾ ಮೇರಾ ಹೈ, ಪಿನ್ ತುಮ್ಹಾರಾ. ಯೇ ನೈ ಡಾಲೇ ತೋ ಪಂಜಾ ಖಾಲಿ ದಿಖಾವಾ ಹೈ" ಎಂದರು. ಪಂಜಾ ನನ್ನದು, ಪಿನ್ನು ನಿನ್ನದು, ಅದನ್ನು ಹಾಕದಿದ್ದರೆ ಪಂಜಾ ಬರೀ ತೋರಿಕೆಗೆ ಎಂದು.

"ಹೌ ಭಾಯ್, ಸಮಜ್ ಗಯಾ" ಎಂದೆ.

ಮೊದಲ ವಾರಗಳಲ್ಲಿ ಹಾಕಿದೆವು. ಕೆಲಸ ಹಗುರಾಯಿತು. ಸಂಜೆ ಚಹಾ ಕುಡಿಯುವಾಗ ಹೆಗಲು ಉಜ್ಜಿಕೊಳ್ಳುವವರು ಕಡಿಮೆಯಾದರು. ಆದರೆ ಒಂದು ತೊಂದರೆ ಇತ್ತು. ಹೋತದ ಸದ್ದಿಗೆ ಪಕ್ಕದವನ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಶರಣಪ್ಪ ಮಾತ್ರ ಕೂಗುವುದನ್ನು ಬಿಡಲಿಲ್ಲ. ಈಗ ಅವನ ಕೆಲಸ ಹೋತ ಇಳಿಸುವ ದಿಮ್ಮಿಗೆ ಬೆಣೆ ಇಡುವುದು. ಪ್ರತಿ ಸಲವೂ ಎದೆ ಉಬ್ಬಿಸಿ "ಒಳಗ!" ಎನ್ನುವನು. ಬಾಲದ ಕಡೆ ನಿಂತ ನಾನು ಕೈ ಎತ್ತುವೆ.

"ಯಾರಿಗಿ ಕೂಗಾಕತ್ತೀ ಲೇ?" ಎಂದು ಕಾಶಪ್ಪ ಒಮ್ಮೆ ಕೆಣಕಿದ. "ಹೋತಕ್ಕ ಕಿವಿ ಇಲ್ಲ, ನಮಗ ಕೇಳಂಗಿಲ್ಲ."

"ನನ್ನ ಕಾಲಿಗಿ ಕೇಳ್ಲಿ ಅಂತ ಕೂಗ್ತೀನಿ ಕಾಕಾ" ಎಂದ ಶರಣಪ್ಪ. "ಇಲ್ಲಾಂದ್ರ ಅವು ಒಳಗ ಹೋಗಂಗಿಲ್ಲ ಅಂತಾವ."

ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಅಂಗಳದ ಕರಿಮಣ್ಣು ಹೋತದ ಗಾಲಿಗಳಿಗೆ ಸಿಕ್ಕು ಹಿಟ್ಟಿನ ಹಾಗೆ ನಾದಿಹೋಯಿತು. ದಿಮ್ಮಿಗಳ ಮೇಲೆ ಪಾಚಿ. ಮರದ ಹೊಟ್ಟು ತೊಯ್ದು ಹುಳಿ ವಾಸನೆ ಬರುತ್ತಿತ್ತು. ನಮ್ಮ ಅಂಗಿಗಳು ಒಣಗಿದ್ದೇ ಇಲ್ಲ. ಗಚ್ಚಿಬೌಲಿಯ ಒಂದು ದೊಡ್ಡ ಆರ್ಡರು ಹಿಡಿದಿದ್ದ ಸೇಠರು ಬಾಗಿಲಲ್ಲೇ ನಿಂತು, ಮೊಬೈಲು ಕಿವಿಗೆ ಇಟ್ಟುಕೊಂಡೇ, ನನ್ನ ಕಡೆ ಬೆರಳು ತಿರುಗಿಸುತ್ತಿದ್ದರು, ಬೇಗ, ಬೇಗ. ನಾನು ಆ ಬೆರಳನ್ನು ನೋಡಿ ಗ್ಯಾಂಗಿನ ಮೇಲೆ ಕಿರುಚುತ್ತಿದ್ದೆ. ಮನೆಗೆ ಹೋದರೆ ಊಟ ಮಾಡುವಾಗಲೇ ನಿದ್ದೆ ಬರುತ್ತಿತ್ತು. ದಣಿವು ಬಹಳವಿತ್ತು. ಆದರೆ ದಣಿವಿನಿಂದ ತಪ್ಪಾಯಿತು ಎಂದು ನಾನು ಬರೆಯಲಾರೆ. ದಣಿದವರು ಎಲ್ಲರೂ ಇದ್ದರು, ಪಿನ್ನು ತೆಗೆಸಿದವನು ನಾನೊಬ್ಬನೇ.

ಪಿನ್ನು ಹಾಕಲು ಒಬ್ಬ ಮುಂದೆ ಹೋಗಿ ಬಗ್ಗಬೇಕು, ಕೆಸರು ತುಂಬಿದ ತೂತು ಕೆರೆಯಬೇಕು, ಸುತ್ತಿಗೆಯಿಂದ ಬಡಿಯಬೇಕು. ತೆಗೆಯಲು ಮತ್ತೆ ಅಷ್ಟೇ. ಒಂದು ಬೆಳಿಗ್ಗೆ ಯಾದಗಿರಿಗೆ "ಇವತ್ತು ಪಿನ್ನು ಬಿಡು" ಎಂದೆ. ಅವನು ಕೋಲಿನಿಂದ ಕೈ ತೆಗೆದು ದೇವರ ಫೋಟೋಕ್ಕೆ ಮುಟ್ಟಿಸಿ ಹಾಗೇ ಓಡಿಸಿದ. ಏನೂ ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಪಿನ್ನನ್ನು ಶೆಡ್ಡಿನ ಗೋಡೆಯ ಮೊಳೆಗೆ ತೂಗುಹಾಕಿದೆ. ಶರಣಪ್ಪನಿಗೆ ಇದು ತಿಳಿದಿರಲಿಲ್ಲ. ಪಿನ್ನು ಹಾಕುವ ಕಡೆ ಅವನ ಕೆಲಸವಿರಲಿಲ್ಲ, ಅದನ್ನು ತೆಗೆಯುವ ಹೊತ್ತಿಗೆ ಅವನು ಮುಂದಿನ ದಿಮ್ಮಿಗೆ ಬೆಣೆ ತರಲು ಹೋಗಿರುತ್ತಿದ್ದ. ಅವನಿಗೆ ನಾನು ಹೇಳಲೂ ಇಲ್ಲ.

ಅದು ಮಧ್ಯಾಹ್ನ. ಊಟದ ನಂತರದ ಮೊದಲ ದಿಮ್ಮಿ. ಹೋತ ಅದನ್ನು ತಂದು ಗರಗಸದ ಟ್ರಾಲಿಯ ಹತ್ತಿರ, ನೆಲದ ಮೇಲೆ ಹಾಸಿದ ಅಡ್ಡತೊಲೆಗಳ ಮೇಲೆ, ಸೊಂಟದೆತ್ತರಕ್ಕೆ ಹಿಡಿದು ನಿಂತಿತು. ಕಾಶಪ್ಪ ಮತ್ತು ಉಳಿದವರು ದಿಮ್ಮಿ ರಾಶಿಯ ಆ ಬದಿಗೆ ವಿಂಚಿನ ಹಗ್ಗ ಬಿಡಿಸುತ್ತಿದ್ದರು. ಯಾದಗಿರಿಗೆ ಎತ್ತಿದ ದಿಮ್ಮಿಯ ಆಚೆ ಏನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ನನಗೊಬ್ಬನಿಗೆ. ಶರಣಪ್ಪ ಬೆಣೆ ಹಿಡಿದು ಬಂದು ನಿಂತ. ನನ್ನ ಕಡೆ ನೋಡಿದ. ಅವನ ಬಾಯಿ ದೊಡ್ಡದಾಗಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು. ಸದ್ದು ನನಗೆ ಬರಲಿಲ್ಲ. ಕೂಗು ಮಾತ್ರ ಕಂಡಿತು.

ನಾನು ಕೈ ಎತ್ತಿದೆ.

ಎತ್ತುವ ಮೊದಲು ನೋಡಬೇಕು. ಹೋತದ ಹಿಂದಿನ ಗಾಲಿ ಕೆಸರಿನಲ್ಲಿ ಇಳಿಯುತ್ತಿದೆಯೇ, ಪಂಜಾ ಭದ್ರವಿದೆಯೇ. ಅದಕ್ಕೆಂದೇ ಬಾಲದ ಕಡೆ ಒಬ್ಬ ನಿಲ್ಲುವುದು. ನಾನು ನೋಡಲಿಲ್ಲ. ಬಾಗಿಲಲ್ಲಿ ಸೇಠರ ಬೆರಳು ತಿರುಗುತ್ತಿತ್ತು, ನನ್ನ ಕಣ್ಣು ಅಲ್ಲಿತ್ತು. ವರ್ಷಗಟ್ಟಲೆ ಆ ಬಾಯಿ ತೆರೆದಾಗೆಲ್ಲ ಎದ್ದ ಕೈ, ಅಂದೂ ತಾನಾಗಿ ಎದ್ದಿತು. ಶರಣಪ್ಪ ಬಗ್ಗಿದ. ಹಿಂದಿನ ಗಾಲಿ ಒಂದು ಗೇಣು ಕುಸಿಯಿತು. ದಿಮ್ಮಿ ಹಲ್ಲುಗಳ ಮೇಲೆ ಹೊರಳಿ, ಪಿನ್ನಿಲ್ಲದ ಪಂಜಾವನ್ನು ಬಾಗಿಲು ತಳ್ಳುವಂತೆ ಮೇಲೆ ತಳ್ಳಿ, ಅವನ ಬಲಗಾಲಿನ ಪಾದದ ಮೇಲೆ ಬಿತ್ತು.

ಆಗ ಅವನು ಹಾಕಿದ ಕೂಗು ಯಂತ್ರದ ಸದ್ದನ್ನೂ ಮೀರಿ ಎಲ್ಲರಿಗೂ ಕೇಳಿಸಿತು.

ದಿಮ್ಮಿ ಸರಿಸಿ ಅವನನ್ನು ಟ್ರಾಲಿಯ ಮೇಲೆ ಮಲಗಿಸಿ ಗೇಟಿನವರೆಗೆ ತಳ್ಳಿದೆವು, ಅಲ್ಲಿಂದ ಆಟೋ. ಯಾದಗಿರಿ ಯಂತ್ರ ಅಲ್ಲೇ ಬಿಟ್ಟು ಓಡಿಹೋದ. ಸೇಠರು ನನ್ನನ್ನು ಆಫೀಸಿನೊಳಗೆ ಕರೆದು ಬಾಗಿಲು ಹಾಕಿದರು. "ಕೈಸೇ ಹುವಾ? ಪೊಲೀಸ್ ಆಯೇಗಾ ತೋ ಕ್ಯಾ ಬೋಲೂಂ?" ಹೇಗಾಯಿತು, ಪೊಲೀಸರು ಬಂದರೆ ಏನು ಹೇಳಲಿ ಎಂದು.

ಪಿನ್ನು ಎಂದು ಹೇಳಿದರೆ ಮುಕಾದಮಗಿರಿ ಹೋಗುತ್ತದೆ, ಬಹುಶಃ ನಾನೂ ಒಳಗೆ ಹೋಗುತ್ತೇನೆ. ಮಗಳು ಚಿಕ್ಕವಳು. ಇಷ್ಟೂ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿತು. "ಅವನೇ ಅಡಿಗೆ ಹೋದ ಸೇಠಜಿ, ಹೇಳದೆ ಕೇಳದೆ" ಎಂದು ಹಿಂದಿಯಲ್ಲಿ ಹೇಳಿದೆ. ಸೇಠರು ನನ್ನ ಮುಖ ನೋಡಲಿಲ್ಲ, ನಿರಾಳವಾಗಿ ಕೂತರು. ಅವರಿಗೆ ಬೇಕಾಗಿದ್ದೂ ಅದೇ.

ಸಂಜೆ ಯೂಸುಫ್ ಭಾಯಿ ಬಂದರು. ಪಂಜಾದ ಬುಡದ ತೂತಿನಲ್ಲಿ ಬೆರಳು ಹಾಕಿ, ದಿನಗಟ್ಟಲೆ ತುಂಬಿ ಗಟ್ಟಿಯಾದ ಕೆಸರನ್ನು ಕೆರೆದು ತೆಗೆದರು. ಎದ್ದು ಹೋಗಿ ಮೊಳೆಗೆ ತೂಗಿದ್ದ ಪಿನ್ನು ನೋಡಿದರು. ಗ್ಯಾಸ್ ಕಟರ್ ತಂದು ತಾವು ಮಾಡಿದ ಪಂಜಾವನ್ನು ತಾವೇ ತುಂಡು ತುಂಡು ಮಾಡಿ ಗುಜರಿಗೆ ಹಾಕಿದರು. ಆಮೇಲೆ ನಮ್ಮ ಡಿಪೋದ ಕೆಲಸಕ್ಕೆ ಅವರು ಬರಲಿಲ್ಲ. ಎದುರು ಸಿಕ್ಕರೆ ಸಲಾಮಿಗೆ ಸಲಾಮು, ಅಷ್ಟೇ.

ಸೇಠರಿಗೆ ಹೇಳಿದ ಸುಳ್ಳು ಒಂದು ತರಹ. ಅದು ಕೆಲಸ ಉಳಿಸಿಕೊಳ್ಳುವ ಸುಳ್ಳು, ಅಂಥವನ್ನು ಜಗತ್ತಿನಲ್ಲಿ ಎಲ್ಲರೂ ಹೇಳುತ್ತಾರೆಂದು ಸಮಾಧಾನ ಮಾಡಿಕೊಂಡೆ. ಆದರೆ ಮಾತು ಗೋಡೆ ದಾಟಿ ಗ್ಯಾಂಗಿಗೆ ಮುಟ್ಟಿತು. ಎರಡು ದಿನ ಬಿಟ್ಟು ಕಾಶಪ್ಪ ಎಲ್ಲರನ್ನೂ ಕರೆದುಕೊಂಡು ನನ್ನ ಮನೆಗೆ ಬಂದ. ನನ್ನ ಹೆಂಡತಿ ಚಾಪೆ ಹಾಸಿದಳು. ಯಾರೂ ಕೂರಲಿಲ್ಲ.

"ಮೆಟ್ರಿಕ್, ನಾ ಒಂದ ಮಾತು ಕೇಳ್ತೀನಿ. ಶರಣ್ಯಾ ಕೂಗಿದ್ನೇನು?"

"ನನಗ ಕೇಳಿಸಲಿಲ್ಲ ಕಾಕಾ."

ಅದು ನಿಜವಾಗಿತ್ತು. ಆ ನಿಜದ ಹಿಂದೆ ನಾನು ಕೂತುಬಿಟ್ಟೆ.

"ಹೋತದ ಸದ್ದಿನ್ಯಾಗ ನಮಗೂ ಕೇಳಿಸಿಲ್ಲ" ಎಂದ ಕಾಶಪ್ಪ. "ಅದಕ್ಕ ಬಂದೀನಿ. ನೀ ಎದುರಿಗಿ ಇದ್ದಿ. ಅಂವ ಆಟೋದಾಗ ಹೋಗುವಾಗ ಅಂದಾನ, ನಾ ಕೂಗೀನಿ, ಅಣ್ಣ ಕೈ ಎತ್ಯಾನ, ಆಮ್ಯಾಲ ಹೋಗೀನಿ ಅಂತ. ನೀ ಕೈ ಎತ್ತಿದ್ದೇನು?"

ಹೆಂಡತಿ ನೀರಿನ ತಂಬಿಗೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ಮೊದಲ ಸಂಜೆಯೇ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ" ಎಂದೆ.

ಕಾಶಪ್ಪ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಮುಗೀತು ಬಿಡು" ಎಂದು ಹೊರಟ. ನೀರು ಕೂಡ ಕುಡಿಯಲಿಲ್ಲ. ಕೂಗುವವನೇ ಕೂಗದೆ ಒಳಗೆ ಹೋದನೆಂಬುದು ಅವರಿಗೆ ಅವನ ಕಾಲಿನ ಪೆಟ್ಟಿಗಿಂತ ದೊಡ್ಡ ಸಂಕಟವಾಗಿತ್ತು. ಅವನ ಬಾಯಿಯ ಮೇಲೆ ತಮ್ಮ ಬೆನ್ನುಗಳನ್ನು ಅಷ್ಟು ವರ್ಷ ಇಟ್ಟುಕೊಂಡು ಬಂದವರು ಅವರು.

ಶರಣಪ್ಪನ ಮನೆಗೆ ರೊಟ್ಟಿ ಹೋಗಲಿಲ್ಲ.

ಆಸ್ಪತ್ರೆಗೆ ಒಮ್ಮೆ ಹೋಗಿದ್ದೆ. ಪಾದದ ಮುಂದಿನ ಭಾಗ ತೆಗೆದಿದ್ದರು. ಅವನ ಹೆಂಡತಿ ನಾಗಮ್ಮ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಸೆರಗು ಸರಿಮಾಡಿಕೊಂಡು, "ಬರ್ರಿ ಅಣ್ಣಾರ" ಎಂದಳು. ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ.

"ಅಣ್ಣಾ, ಕಾಶಪ್ಪ ಕಾಕಾಗ ನೀ ಹೇಳು" ಎಂದ ಶರಣಪ್ಪ. "ಮಂದಿ ಏನರೆ ತಪ್ಪ ತಿಳಕೊಂಡಾರ. ಯಾರೂ ಈ ಕಡಿ ಹಾದಿಲ್ಲ ನೋಡು."

"ಹೇಳ್ತೀನಿ" ಎಂದೆ. ಅವನ ಕಾಲಿನ ಮೇಲೆ ಹೊದಿಸಿದ್ದ ಬಟ್ಟೆಯ ಕಡೆ ನೋಡದೆ ತಂದಿದ್ದ ಮೋಸಂಬಿಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟೆ.

ಮುಂದೆ ಅವನಿಗೆ ಎಲ್ಲ ತಿಳಿದಾಗ, ಊರುಗೋಲು ಹಿಡಿದು ಡಿಪೋದ ಗೇಟಿಗೆ ಬಂದು ಗ್ಯಾಂಗಿನ ಎಲ್ಲರ ಮುಂದೆ ನನ್ನನ್ನು ಹೊರಗೆ ಕರೆದ. ಮಳೆಗಾಲ ಮುಗಿಯುತ್ತಿತ್ತು, ಬಿಸಿಲು ಬಿದ್ದಿತ್ತು.

"ನನ್ನ ಮಾರಿ ನೋಡಿ ಹೇಳು. ನೀ ಕೈ ಎತ್ತಲಿಲ್ಲೇನು?"

ನಾನು ಅವನ ಊರುಗೋಲಿನ ಕಡೆ ನೋಡಿದೆ.

"ಕಾಲು ಹೋತು, ಹೋಗ್ಲಿ. ನನ್ನ ಕೂಗ ಯಾಕ ಕಸಗೊಂಡಿ ಅಣ್ಣಾ?"

ಗ್ಯಾಂಗಿನಲ್ಲಿ ಯಾರೋ ಒಬ್ಬ, "ನಡಿಯೋ ಶರಣ್ಯಾ, ಸಾಕು" ಎಂದ. ಇನ್ನೊಬ್ಬ ದಿಮ್ಮಿಯ ಕಡೆ ತಿರುಗಿದ. ಅವನು ಹೋದ ಮೇಲೆ ನಮ್ಮಲ್ಲಿ ಕೂಗುವವರು ಯಾರೂ ಬರಲಿಲ್ಲ. ಹೊಸ ಪಂಜಾ ಅಂಗಡಿಯಿಂದ ಬಂತು, ಎಣ್ಣೆಯ ಒತ್ತಡದಲ್ಲಿ ತಾನೇ ಹಿಡಿದು ತಾನೇ ಬಿಡುವಂಥದು. ಗ್ಯಾಂಗು ಕರಗಿತು. ಕೆಲವರು ಗಚ್ಚಿಬೌಲಿಯ ಕಟ್ಟಡಗಳಿಗೆ ಕೂಲಿ ಹೋದರು, ಕೆಲವರು ಊರಿಗೆ ಮರಳಿದರು. ನಾನು ಸೇಠರು ಡಿಪೋ ಮಾರುವವರೆಗೂ ಮುಕಾದಮನಾಗಿಯೇ ಇದ್ದೆ. ಹೆಂಡತಿ ನನ್ನೊಡನೆ ಆ ಮಾತು ಮತ್ತೆ ಎತ್ತಲಿಲ್ಲ. ನಾಗಮ್ಮನ ಮನೆಗೆ ನನಗೆ ಕಾಣದಂತೆ ಅವಳೊಬ್ಬಳೇ ಕೆಲವು ದಿನ ರೊಟ್ಟಿ ಒಯ್ದಳೆಂದೂ, ನಾಗಮ್ಮ ಅದನ್ನು ತೆಗೆದುಕೊಳ್ಳದೆ ತಿರುಗಿ ಕಳಿಸಿದಳೆಂದೂ ಬಹಳ ತಡವಾಗಿ ತಿಳಿಯಿತು.

ಶರಣಪ್ಪ ಹೈದರಾಬಾದು ಬಿಟ್ಟು ಹೋಗಲಿಲ್ಲ. ಕುಷಾಯಿಗೂಡದಲ್ಲೇ, ನೌಕರರ ಮನೆಗಳಿರುವ ಒಂದು ಓಣಿಯ ಬಾಯಲ್ಲಿ, ಇಸ್ತ್ರಿ ಗಾಡಿ ಹಾಕಿದ. ನಾನಿರುವುದು ಅಲ್ಲಿಂದ ಸ್ವಲ್ಪವೇ ದೂರ. ಇಷ್ಟು ವರ್ಷವೂ ಕಾಯಿಪಲ್ಲೆ ತರಲು, ಬಸ್ಸು ಹಿಡಿಯಲು, ಆ ಓಣಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗಿದ್ದೇನೆ. ಮಗಳು ಇದನ್ನು ನನ್ನ ವಾಕಿಂಗ್ ಎಂದು ತಿಳಿದಿದ್ದಾಳೆ.

ಕಣ್ಣಿನ ಆಸ್ಪತ್ರೆಯಿಂದ ಬಂದ ಕೆಲವು ದಿನಗಳ ಮೇಲೆ, ಸುತ್ತು ಹಾಕದೆ ನೇರ ಹೋದೆ. ಅವನು ಒಂದು ಸೀರೆಗೆ ಇಸ್ತ್ರಿ ಹಾಕುತ್ತಿದ್ದ, ಗಾಡಿಗೆ ಸೊಂಟ ಆನಿಸಿ, ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಗುರುತಿಸಿದ, ಸೀರೆಯ ಮಡಿಕೆ ತಿರುಗಿಸಿದ.

ಹೇಳಿದೆ. ಪಿನ್ನು, ಕೈ, ಕಾಶಪ್ಪನಿಗೆ ಕೊಟ್ಟ ಉತ್ತರ, ಎಲ್ಲ. ಅವನು ಇಸ್ತ್ರಿಪೆಟ್ಟಿಗೆಯ ಕೆಂಡ ಊದಿದ.

"ಇದನ್ನ ನನಗ ಯಾಕ ಹೇಳಾಕತ್ತೀದಿ?" ಎಂದ ಕೊನೆಗೆ. "ನಾ ಕೂಗಿದ್ದು ನನಗ ಗೊತ್ತಿಲ್ಲೇನು? ಅವರಿಗಿ ಹೋಗಿ ಹೇಳು."

ಅವರು ಎಂದರೆ ಈಗ ಯಾರು? ವಿಚಾರಿಸಿದೆ. ಊರಿಗೆ ಹೋದವರಲ್ಲಿ ಹೆಚ್ಚಿನವರು ಸತ್ತಿದ್ದರು. ಶರಣಪ್ಪ ಕೂಗಲಿಲ್ಲ ಎಂದೇ ತಿಳಿದು ಸತ್ತಿದ್ದರು. ಅವರಿಗೆ ನಾನು ಎಲ್ಲಿ ಹೋಗಿ ಹೇಳಲಿ? ಇಲ್ಲಿ ಉಳಿದವನು ಕಾಶಪ್ಪ ಒಬ್ಬ. ಮಗನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ, ಹಣ್ಣು ಮುದುಕ.

"ಯಾರು, ಮೆಟ್ರಿಕ್ಕಾ? ಇನ್ನೂ ಇದ್ದೀಯೇನೋ?" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕ.

ಅವನಿಗೂ ಎಲ್ಲ ಹೇಳಿದೆ. ನಗು ಹೋಯಿತು. ತನ್ನ ಬಲ ಹೆಗಲನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತ ಕೂತ.

"ನಿನ್ನ ಹೊಡೀಬೇಕು ಅನಸ್ತೈತಿ" ಎಂದ. "ಕೈ ಏಳಂಗಿಲ್ಲ. ಅವನ ಮಕ್ಳು ಉಪವಾಸ ಮಲಗಿದ್ವು ಲೇ. ನನ್ನ ಸೊಸಿ ರೊಟ್ಟಿ ಕಟ್ಟಿದ್ಳು, ನಾ ಬ್ಯಾಡಂದೆ. ನಾ ಅಂದೆ ಬ್ಯಾಡಂತ." ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದ. "ಚಪ್ಪಲ ಕೊಡು. ನಡಿ."

ಅವನನ್ನು ಆಟೋದಲ್ಲಿ ಕೂರಿಸಿ ಕರೆದುಕೊಂಡು ಹೋದೆ. ಗಾಡಿಯ ಮುಂದೆ ಇಳಿದು, ಕಂಬ ಹಿಡಿದುಕೊಂಡು ನಿಂತ. ಶರಣಪ್ಪ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ.

"ಶರಣ್ಯಾ" ಎಂದ ಕಾಶಪ್ಪ. "ನೀ ಕೂಗಿದ್ದೆಂತಲ್ಲೋ."

"ಹೂಂ, ಕಾಕಾ."

"ಆ ದಿವ್ಸ ಮೆಟ್ರಿಕ್ ಮನೀಗಿ ಹೋಗೂ ಬದಲಿ ನಿನ್ನ ಕಡೀ ಬರಬೇಕಿತ್ತು ನಾ."

ಶರಣಪ್ಪ ಕೆಳಗಿನ ತುಟಿಯನ್ನು ಹಲ್ಲಿನಲ್ಲಿ ಹಿಡಿದು ರಸ್ತೆಯ ಕಡೆ ನೋಡಿದ. ಆಮೇಲೆ, "ಚಾ ಕುಡೀತೀಯೇನು? ಸಕ್ರಿ ನಡೀತೈತಿ?" ಎಂದ.

"ಸಕ್ರಿ ಬಿಟ್ಟು ಭಾಳ ದಿನಾತು. ಇವತ್ತ ಹಾಕಸು."

ಶರಣಪ್ಪ ಊರುಗೋಲು ತೆಗೆದುಕೊಂಡ. ನನ್ನ ಕಡೆ ತಿರುಗಿ, "ಗಾಡಿ ನೋಡ್ತಿರು" ಎಂದ, ಅಷ್ಟೇ. ಇಬ್ಬರೂ ಹೊರಟರು. ಒಬ್ಬನಿಗೆ ಅರ್ಧ ಪಾದವಿಲ್ಲ, ಇನ್ನೊಬ್ಬನಿಗೆ ಕಣ್ಣು ಮಂದ. ಆ ಬದಿಯ ಹೋಟೆಲಿನವರೆಗೆ ಹೋಗಲು ಅವರಿಗೆ ಬಹಳ ಹೊತ್ತು ಹಿಡಿಯಿತು. ರಸ್ತೆಯ ನಡುವೆ ಕಾಶಪ್ಪ ಶರಣಪ್ಪನ ಹೆಗಲಿನ ಮೇಲೆ ಕೈ ಇಟ್ಟ. ಆಸರೆಗೋ ಮತ್ಯಾವುದಕ್ಕೋ, ನಾನು ನಿಂತಲ್ಲಿಂದ ಹೇಳಲಾಗಲಿಲ್ಲ. ನನ್ನನ್ನು ಅವರು ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ನಾನು ಗಾಡಿಯ ಪಕ್ಕ ನಿಂತೆ. ಬಿಸಿ ಬಟ್ಟೆಯ ಆವಿ ಏಳುತ್ತಿತ್ತು. ಹನಿ ಬೀಳತೊಡಗಿತು, ಮಡಚಿಟ್ಟ ಅಂಗಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದೆ. ಅಷ್ಟರಲ್ಲಿ ಎದುರು ಮನೆಯ ಹೆಂಗಸು ಬಟ್ಟೆಯ ಗಂಟು ಹಿಡಿದು ಬಂದು, ಇಸ್ತ್ರಿಯವನು ಎಲ್ಲಿ, ಈ ಹೊತ್ತಿನಲ್ಲಿ ಎಂದೂ ಗಾಡಿ ಬಿಟ್ಟು ಹೋಗುವವನಲ್ಲವಲ್ಲ, ಎಂದು ತೆಲುಗಿನಲ್ಲಿ ಕೇಳಿದಳು.

ನಾನೂ ತೆಲುಗಿನಲ್ಲೇ ಹೇಳಿದೆ, ಅವನ ಗ್ಯಾಂಗಿನವರು ಬಂದಿದ್ದಾರಮ್ಮಾ, ಅವರ ಜೊತೆ ಹೋಗಿದ್ದಾನೆ, ಬರುವುದು ತಡವಾಗುತ್ತದೆ.